ಚಿಕ್ಕ ಹೊಟೇಲಿನ ಚೆಲುವು ಮತ್ತು ಗೋಡೆಯ ಒಡೆತನ

ನಮ್ಮ ಹೊಟೇಲು ಉದ್ಯಮದಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಒಂದು ಹೊಸ ಹೆಸರು ಕೇಳಿಬರುತ್ತಿರುವುದನ್ನು ವಾಚಕರು ಗಮನಿಸಿರಬಹುದು. ಬುಟೀಕ್ ಹೊಟೇಲು ಎಂಬುದೇ ಆ ಹೆಸರು. ಇಪ್ಪತ್ತೋ ಮೂವತ್ತೋ ಕೋಣೆಗಳು. ಹಳೆಯ ಕಾಲದ ಕಟ್ಟಡ. ಸುತ್ತಮುತ್ತ ಚಿತ್ರಶಾಲೆಗಳು, ಪುಸ್ತಕದ ಅಂಗಡಿಗಳು, ನಾಟಕ ಸಂಗೀತಗಳವರು ಓಡಾಡುವ ಬೀದಿ. ಒಳಗೆ ಕಾಲಿಟ್ಟರೆ ದೀಪದ ಬುರುಡೆಯಿಂದ ಹಿಡಿದು ನೀರಿನ ಲೋಟದ ವರೆಗೆ ಎಲ್ಲದರಲ್ಲಿಯೂ ಯಾರೋ ಕುಳಿತು ಯೋಚಿಸಿ ಆರಿಸಿದ ಗುರುತು. ಪಂಚತಾರಾ ಹೊಟೇಲಿನ ಅಮೃತಶಿಲೆಯಿಲ್ಲ, ಪೇಟಾ ಕಟ್ಟಿದ ದ್ವಾರಪಾಲಕನಿಲ್ಲ. ಆದರೂ ಒಂದು ರಾತ್ರಿಯ ಬಾಡಿಗೆ ನಮ್ಮ ಸಪ್ಲೈಯರನ ಹತ್ತು ದಿನಗಳ ಸಂಬಳಕ್ಕೆ ಸಮೀಪವಾಗಿರುವುದುಂಟು.

ಇದನ್ನು ಕುರಿತು ಬರೆಯಬೇಕೆಂದು ನಮಗೆ ತೋರಿದುದು ಒಬ್ಬ ತರುಣನ ದೆಸೆಯಿಂದ. ಕುಂದಾಪುರದ ಕಡೆಯವನು, ಅವನ ತಂದೆ ನಾವು ಹೊಟೇಲು ನಡೆಸುತ್ತಿದ್ದ ದಿನಗಳಲ್ಲಿ ನಮ್ಮಲ್ಲಿ ಗಲ್ಲೆಯ ಮೇಲೆ ಕುಳಿತವರು. ಹುಡುಗ ಹೊಟೇಲು ವಿದ್ಯೆಯಲ್ಲಿ ಪದವಿ ಪಡೆದು ಮುಂಬಯಿಗೆ ಬಂದಿದ್ದಾನೆ. ಅವನ ಕೈಯಲ್ಲಿ ಎರಡು ಕರೆಗಳಿದ್ದವು. ಒಂದು, ನಾನೂರು ಕೋಣೆಗಳ ದೊಡ್ಡ ಹೊಟೇಲಿನದು. ಇನ್ನೊಂದು, ಫೋರ್ಟ್ ಪ್ರದೇಶದಲ್ಲಿ 22 ಕೋಣೆಗಳ ಈ ಹೊಸ ಬಗೆಯದು. ಸಂಬಳ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. "ಮಾವ, ಸಣ್ಣದಕ್ಕೆ ಹೋದರೆ ಎಲ್ಲ ಕೆಲಸ ಕಲಿಯಬಹುದಂತೆ. ಆದರೆ ನಾಡಿದ್ದು ಅದೇ ಇರುತ್ತದೋ ಇಲ್ಲವೋ ಎಂದು ಅಪ್ಪನಿಗೆ ಚಿಂತೆ" ಎಂದನು. ನಾವು ಎರಡು ದಿನ ಅವಕಾಶ ಕೇಳಿದೆವು. ಎಸ್ಸೆಸ್ಸೆಲ್ಸಿಯಿಂದಾಚೆಗೆ ಓದದಿರುವ ನಮಗೆ ವಿದೇಶದ ಹೊಟೇಲುಗಳ ಚರಿತ್ರೆಯನ್ನು ತಿಳಿಯಲು ಅಷ್ಟಾದರೂ ಸಮಯ ಬೇಕಿತ್ತು.

ಈ ಬಗೆಯ ಹೊಟೇಲು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ನ್ಯೂಯಾರ್ಕಿನಲ್ಲಿ 1977ರಲ್ಲಿ ಸ್ಟುಡಿಯೋ 54 ಎಂಬ ನೃತ್ಯಶಾಲೆಯನ್ನು ತೆರೆದು ಹೆಸರನ್ನೂ ಹಣವನ್ನೂ ಗಳಿಸಿದ ಇಯಾನ್ ಶ್ರೇಗರ್ ಮತ್ತು ಸ್ಟೀವ್ ರೂಬೆಲ್ ಎಂಬ ಇಬ್ಬರು ಗೆಳೆಯರು, ತೆರಿಗೆ ತಪ್ಪಿಸಿದ ಅಪರಾಧಕ್ಕಾಗಿ 1980ರಲ್ಲಿ ಸೆರೆಮನೆ ಸೇರಬೇಕಾಯಿತು. ಹೊರಬಂದ ಬಳಿಕ ಅವರು ಕೈಹಾಕಿದುದು ಹೊಟೇಲಿಗೆ. 1984ರಲ್ಲಿ ಮ್ಯಾಡಿಸನ್ ಅವೆನ್ಯೂದ ಒಂದು ಹಳೆಯ ಕಟ್ಟಡದಲ್ಲಿ ಮಾರ್ಗನ್ಸ್ ಎಂಬ ಹೊಟೇಲನ್ನು ತೆರೆದರು. ಒಳಾಂಗಣವನ್ನು ರೂಪಿಸಿದವರು ಆಂಡ್ರೇ ಪುತ್ಮಾನ್ ಎಂಬ ಫ್ರೆಂಚ್ ಮಹಿಳೆ. ದೊಡ್ಡ ಹೊಟೇಲುಗಳು ಎಲ್ಲ ಸಾಮಾನುಗಳನ್ನೂ ಮಾರುವ ದೊಡ್ಡ ಮಳಿಗೆಗಳಿದ್ದಂತೆ, ತಮ್ಮದು ಆಯ್ದ ವಸ್ತುಗಳ ಚಿಕ್ಕ ಅಂಗಡಿಯಿದ್ದಂತೆ ಎಂದು ರೂಬೆಲರು ಹೋಲಿಸಿದುದರಿಂದ ಬುಟೀಕ್ ಎಂಬ ಹೆಸರು ರೂಢಿಗೆ ಬಂದಿತೆಂದು ಹೇಳುತ್ತಾರೆ. ಲಂಡನ್ನಿನ ಬ್ಲೇಕ್ಸ್ ಎಂಬ ಹೊಟೇಲು ಅದಕ್ಕೂ ಹಿಂದಿನದು, 1978ರದು. ಆದರೆ ಹೆಸರು ನಿಂತುದು ನ್ಯೂಯಾರ್ಕಿನವರ ಬಾಯಿಂದ.

ಇವೆಲ್ಲ ಹಣವಂತರ ಹೊಟೇಲುಗಳಾದುವು. ನಮ್ಮ ವಿಚಾರಕ್ಕೆ ಹತ್ತಿರವಾದುದು ಬೇರೊಂದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಸಿಯಾಟಲ್ ನಗರದಲ್ಲಿ ಬೆಲ್‌ಟೌನ್ ಎಂಬ ಮೊಹಲ್ಲೆಯಿದೆ. 1990ರ ಸುಮಾರಿಗೆ ಅಲ್ಲಿ ಬಾಡಿಗೆ ಅಗ್ಗವಾಗಿತ್ತು; ಹಾಡುವವರು, ಚಿತ್ರ ಬರೆಯುವವರು, ದಿನಗೂಲಿಯವರು ಎಲ್ಲರೂ ಒತ್ತಿಕೊಂಡಿದ್ದರು. ಜಗತ್ತೆಲ್ಲ ಕೇಳಿದ ಆ ಊರಿನ ಹೊಸ ಸಂಗೀತದ ತಂಡಗಳು ಇಂತಹ ಬೀದಿಗಳ ಸಣ್ಣ ಪಾನಗೃಹಗಳಲ್ಲಿಯೇ ಹಾಡಿ ಬೆಳೆದುವು. ಅಲ್ಲಿ ಸಾಲ್ವೇಶನ್ ಆರ್ಮಿಯವರು, ನೆಲೆ ತಪ್ಪಿದವರು ಮತ್ತೆ ಬದುಕು ಕಟ್ಟಿಕೊಳ್ಳುವ ತನಕ ಇಳಿದುಕೊಳ್ಳಲೆಂದು ಒಂದು ಮನೆಯನ್ನು ನಡೆಸುತ್ತಿದ್ದರು. ಆ ಕಟ್ಟಡವನ್ನೇ ಹಿಡಿದು 1999ರಲ್ಲಿ ಅಲೆಕ್ಸ್ ಕಾಲ್ಡರ್‌ವುಡ್, ವೇಡ್ ವೀಗೆಲ್, ಡಗ್ ಹೆರಿಕ್ ಎಂಬ ಮೂವರು ಗೆಳೆಯರು 28 ಕೋಣೆಗಳ ಏಸ್ ಹೊಟೇಲನ್ನು ತೆರೆದರು. ಇವರಲ್ಲಿ ಕಾಲ್ಡರ್‌ವುಡ್ ಅದಕ್ಕೂ ಮುಂಚೆ ಪಾಲುದಾರರೊಡನೆ ಕ್ಷೌರದಂಗಡಿಗಳನ್ನು ನಡೆಸುತ್ತಿದ್ದವರು. ಇದು ನಮ್ಮವರಿಗೆ ರುಚಿಸತಕ್ಕ ಸಂಗತಿ. ಗಿರಾಕಿಯನ್ನು ಕುರ್ಚಿಯಲ್ಲಿ ಕೂಡ್ರಿಸಿ ಮಾತನಾಡಿಸಿ ಕಳುಹಿಸುವ ಕಸಬಿನವರಿಗೆ ಹೊಟೇಲು ಬೇಗ ಅರ್ಥವಾಗುತ್ತದೆ.

ಅವರ ಬಳಿ ಹೆಚ್ಚು ಹಣವಿರಲಿಲ್ಲ. ಗೋಡೆಗಳಿಗೆ ಬರಿಯ ಬಿಳಿಯ ಬಣ್ಣ ಬಳಿದರು. ಸೈನ್ಯದ ಹಳೆಯ ಉಣ್ಣೆಯ ಕಂಬಳಿಗಳನ್ನು ತಂದು ಹಾಸಿಗೆಗೆ ಹೊದಿಸಿದರು. ಎಲ್ಲ ಕೋಣೆಗಳಿಗೂ ಸ್ನಾನದ ಮನೆ ಕಟ್ಟಿಸಲಿಲ್ಲ. ಹಲವು ಕೋಣೆಗಳವರು ಓಣಿಯ ಕೊನೆಯ ಸ್ನಾನದ ಮನೆಯನ್ನೇ ಹಂಚಿಕೊಳ್ಳಬೇಕಾಗಿತ್ತು. ಗೋಡೆಯ ಮೇಲೆ ಚಿತ್ರ ಬರೆಯಲು ತಮ್ಮ ಪರಿಚಯದ ಕಲಾವಿದರನ್ನು ಕರೆದರು. ಮಾಟುಂಗಾದಲ್ಲಿಯೋ ಗಿರಗಾಂವಿನಲ್ಲಿಯೋ ಖಾನಾವಳಿಯ ಮೇಲಂತಸ್ತಿನಲ್ಲಿ ಸಾಲುಕೋಣೆ, ಓಣಿಯ ಕೊನೆಗೊಂದು ಮೋರಿ ಎಂಬ ವ್ಯವಸ್ಥೆಯಲ್ಲಿ ಹತ್ತು ವರ್ಷ ಕಳೆದ ನಮ್ಮ ಹಿರಿಯರು ಈ ವರ್ಣನೆಯನ್ನು ಓದಿ ನಗದೆ ಇರಲಾರರು. ಆದರೆ ಅಲ್ಲೊಂದು ವ್ಯತ್ಯಾಸವಿತ್ತು. ನಮ್ಮಲ್ಲಿ ಅದು ಇಲ್ಲದ ಹಣದಿಂದಾದ ಕೊರತೆಯಾಗಿ ಉಳಿಯಿತು. ಅವರು ಅದೇ ಕೊರತೆಯನ್ನು ಚೊಕ್ಕಟವಾಗಿ, ಕಣ್ಣಿಗೆ ಹಿತವಾಗಿ ಜೋಡಿಸಿ, ಊರೂರು ತಿರುಗುವ ಸಂಗೀತಗಾರನಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ ಎಂದು ತೋರಿಸಿಕೊಟ್ಟರು. ವಿನ್ಯಾಸವೆಂದರೆ ಖರ್ಚು ಎಂದು ಭಾವಿಸುವವರು ಈ ಮೊದಲ ಏಸ್ ಹೊಟೇಲನ್ನು ನೆನೆಯಬೇಕು.

ಹೊಟೇಲು ಗೆದ್ದಿತು. 2007ರಲ್ಲಿ ಪೋರ್ಟ್‌ಲೆಂಡಿನಲ್ಲಿಯೂ 2009ರಲ್ಲಿ ನ್ಯೂಯಾರ್ಕಿನಲ್ಲಿಯೂ ಅದೇ ಹೆಸರಿನ ಶಾಖೆಗಳಾದುವು. ನ್ಯೂಯಾರ್ಕಿನದು ಬ್ರಾಡ್‌ವೇ ಮತ್ತು 29ನೆಯ ಬೀದಿ ಕೂಡುವಲ್ಲಿ, 1904ರಲ್ಲಿ ಕಟ್ಟಿದ ಬ್ರೆಸ್ಲಿನ್ ಎಂಬ ಹಳೆಯ ಹೊಟೇಲಿನಲ್ಲಿ. ಅದರ ಹೊರಸಾಲೆಯಲ್ಲಿ ಒಂದು ಉದ್ದನೆಯ ಮೇಜನ್ನಿಟ್ಟು, ಪಕ್ಕದಲ್ಲಿ ಒಳ್ಳೆಯ ಕಾಫಿಯ ಅಂಗಡಿಯನ್ನು ಕೂಡ್ರಿಸಿದರು. ಕೋಣೆ ಹಿಡಿಯದವರೂ ಬಂದು ತಮ್ಮ ಲ್ಯಾಪ್‌ಟಾಪು ತೆರೆದು ಇಡೀ ದಿನ ಕೂಡ್ರಬಹುದಾಗಿತ್ತು. ಒಂದು ಕಾಫಿ ಹೇಳಿ ಎರಡು ಗಂಟೆ ಕೂಡ್ರುವ ಗಿರಾಕಿಯನ್ನು ಎಬ್ಬಿಸುವುದು ಹೇಗೆ ಎಂಬುದು ನಮ್ಮ ಹೊಟೇಲಿನವರಿಗೆ ತಲತಲಾಂತರದ ಸಮಸ್ಯೆ. ಅದಕ್ಕಾಗಿ ನಾವು ಫಲಕ ಬರೆಯಿಸಿದೆವು, ಫ್ಯಾನು ನಿಲ್ಲಿಸಿದೆವು, ಮೇಜು ಒರೆಸುವ ನೆಪದಲ್ಲಿ ಹುಡುಗನನ್ನು ಮೂರು ಬಾರಿ ಕಳುಹಿಸಿದೆವು. ಇವರಾದರೋ ಅಂಥವರಿಗೇ ಮೇಜು ಹಾಕಿಕೊಟ್ಟರು. ಏಕೆಂದರೆ ಕೂತವರು ಚಿತ್ರಕಾರರು, ಬರಹಗಾರರು, ಹೊಸ ಉದ್ಯೋಗ ಕಟ್ಟಹೊರಟ ತರುಣರು. ಅವರನ್ನು ನೋಡಲೆಂದೇ, ಅವರ ನಡುವೆ ತಾನೂ ಒಬ್ಬನೆನಿಸಿಕೊಳ್ಳಲೆಂದೇ ದೂರದೂರಿನ ಗಿರಾಕಿ ಮಹಡಿಯ ಮೇಲಿನ ಕೋಣೆಗೆ ನೂರಾರು ಡಾಲರು ತೆರುತ್ತಿದ್ದನು. ಒಂದೇ ಕಾಫಿ ಕುಡಿಯುವ ಆ ಗಿರಾಕಿಯು ಸಂಬಳವಿಲ್ಲದ ನೌಕರನಂತೆ ಹೊಟೇಲಿಗೆ ದುಡಿಯುತ್ತಿದ್ದನೆಂದರೆ ತಪ್ಪಾಗದು.

ಈ ಮಾತನ್ನು ನಾವು ತುಸು ಬಿಡಿಸಿ ನೋಡಬೇಕಾಗಿದೆ. ಇಂತಹ ಹೊಟೇಲಿನಲ್ಲಿ ಮಾರಾಟವಾಗುವ ವಸ್ತುವಿನ ಅರ್ಧಭಾಗ ಹೊಟೇಲಿನ ಮಾಲಿಕನದಲ್ಲ. ಹಾಸಿಗೆ ಅವನದು, ದೀಪ ಅವನದು. ಬೀದಿ ಅವನದಲ್ಲ. ಬೀದಿಗೆ ಬೆಲೆ ತಂದವರು ಅಗ್ಗದ ಬಾಡಿಗೆಗೆ ಆಸೆಪಟ್ಟು ಅಲ್ಲಿ ನೆಲೆಸಿದ ಕಲಾವಿದರು, ಅವರಿಗೆ ಉದ್ದರಿಯಲ್ಲಿ ಊಟ ಹಾಕಿದ ಸಣ್ಣ ಉಪಾಹಾರಗೃಹಗಳು, ಹಳೆಯ ಪುಸ್ತಕದವರು, ಬಡಗಿಗಳು, ದರ್ಜಿಗಳು. ಹೊಟೇಲು ಬಂದು ಹೆಸರಾದ ಮೇಲೆ ಆ ಬೀದಿಯ ಬಾಡಿಗೆ ಏರುತ್ತದೆ. ಏರಿದಾಗ ಮೊದಲು ಹೊರಬೀಳುವವರು ಅವರೇ. ಬೆಲ್‌ಟೌನಿನ ಬದಿಯಲ್ಲಿಯೇ 2010ರಿಂದ ಈಚೆಗೆ ಅಮೆಝಾನ್ ಸಂಸ್ಥೆಯ ಕಛೇರಿಗಳು ಒಂದರ ಮೇಲೊಂದು ಎದ್ದುವು. ವಾಷಿಂಗ್ಟನ್ ರಾಜ್ಯದಲ್ಲಿ ಊರಿನ ಆಡಳಿತವು ಮನೆಬಾಡಿಗೆಗೆ ಮಿತಿ ಹಾಕಕೂಡದೆಂದು 1981ರಲ್ಲಿಯೇ ಕಾನೂನಾಗಿತ್ತು. ಎಲ್ಲ ದೋಷವನ್ನೂ 28 ಕೋಣೆಗಳ ಹೊಟೇಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಷ್ಟು ದೊಡ್ಡ ಬದಲಾವಣೆಯನ್ನು ತರುವ ಶಕ್ತಿ ಅದಕ್ಕೆಲ್ಲಿಂದ ಬರಬೇಕು? ಆದರೆ ಹಣವಂತರಿಗೆ ದಾರಿ ತೋರಿಸುವ ಕೈಮರದ ಕೆಲಸವನ್ನು ಇಂತಹ ಹೊಟೇಲು ಮಾಡುತ್ತದೆಂಬುದರಲ್ಲಿ ಸಂದೇಹವಿಲ್ಲ.

ನ್ಯೂಯಾರ್ಕಿನಲ್ಲಿ ಬೇರೆಯೇ ನಡೆಯಿತು. ಬ್ರೆಸ್ಲಿನ್ ಕಟ್ಟಡವು ಬಹುಕಾಲದಿಂದ ಒಂಟಿ ಕೋಣೆಗಳ ಬಾಡಿಗೆದಾರರ ವಾಸಸ್ಥಾನವಾಗಿತ್ತು. ಅವರಲ್ಲಿ ಮುದುಕರಿದ್ದರು, ಕಲಾವಿದರಿದ್ದರು. ಹೊಟೇಲು ಮಾಡಹೊರಟವರಿಗೆ ಅವರನ್ನು ಹೊರಗೆ ಹಾಕಲು ಸಾಧ್ಯವಾಗಲಿಲ್ಲ. 1969ರಿಂದ ಆ ನಗರದಲ್ಲಿರುವ ಬಾಡಿಗೆ ಸ್ಥಿರೀಕರಣದ ಕಾನೂನು ಅಡ್ಡ ಬಂದಿತು. ಕೆಲವರು ಹಣ ಪಡೆದು ಬಿಟ್ಟುಹೋದರು. ಉಳಿದವರು ಹೊಟೇಲಿನ ಕೋಣೆಗಳ ನಡುವೆಯೇ ತಮ್ಮ ಹಳೆಯ ಬಾಡಿಗೆಯಲ್ಲಿ ಉಳಿದರು. ಒಂದೇ ಓಣಿಯಲ್ಲಿ ಒಂದು ಬಾಗಿಲಿನೊಳಗೆ ರಾತ್ರಿಗೆ ನೂರಾರು ಡಾಲರು ಕೊಡುವ ಪ್ರವಾಸಿ, ಪಕ್ಕದ ಬಾಗಿಲಿನೊಳಗೆ ತಿಂಗಳ ಬಾಡಿಗೆಯ ಹಳೆಯ ನಿವಾಸಿ. ಈ ಹೊಟೇಲುಗಳವರು "ನೆರೆಹೊರೆಯ ಜೀವಂತಿಕೆ"ಯೆಂದು ಮಾರುವ ವಸ್ತುವು ಅಲ್ಲಿ ನಿಜವಾಗಿಯೂ ಒಳಗೇ ಇದ್ದಿತು. ಅದನ್ನು ಉಳಿಸಿದ ಗೌರವ ಕಾನೂನಿಗೆ ಸಲ್ಲಬೇಕಾದುದು.

ಇನ್ನು ಹೊಟೇಲಿನ ಗತಿಯೇನಾಯಿತು? ಏಸ್ ಸಂಸ್ಥೆಯು 2013ರಲ್ಲಿ ಲಂಡನ್ನಿನ ಶೋರ್‌ಡಿಚ್‌ನಲ್ಲಿ 258 ಕೋಣೆಗಳ ಹೊಟೇಲನ್ನು ಆರಂಭಿಸಿತು. ಶೋರ್‌ಡಿಚ್ ಎಂದರೆ ಒಂದು ಕಾಲಕ್ಕೆ ಕುರ್ಚಿ ಮೇಜು ಕಪಾಟುಗಳ ಕಾರ್ಖಾನೆಗಳಿದ್ದ ಮೊಹಲ್ಲೆ. ಆ ಕಸಬು ಹೋದ ಮೇಲೆ ಬರಿದಾದ ಗೋದಾಮುಗಳಿಗೆ 1990ರ ದಶಕದಲ್ಲಿ ತರುಣ ಕಲಾವಿದರು ಬಂದು ಸೇರಿದರು. 2006ರಲ್ಲಿಯೇ ಅಲ್ಲಿ ಹಾಕ್ಸ್‌ಟನ್ ಎಂಬ ಹೊಟೇಲು ತೆರೆದಿತ್ತು. ಅದನ್ನು 2012ರಲ್ಲಿ ಭಾರತೀಯ ಮೂಲದ ಶರಣ್ ಪಸ್ರೀಚಾ ಅವರ ಸಂಸ್ಥೆ ಕೊಂಡಿತು. ಆ ಸಂಸ್ಥೆ 2021ರಲ್ಲಿ ಫ್ರಾನ್ಸಿನ ಅಕೋರ್ ಎಂಬ ಮಹಾಸಂಸ್ಥೆಯೊಡನೆ ಸೇರಿಕೊಂಡಿತು. ಚಿಕ್ಕ ಅಂಗಡಿಯನ್ನು ದೊಡ್ಡ ಮಳಿಗೆ ನುಂಗುವುದು ಹೀಗೆ. ಏಸ್ ಹೊಟೇಲಿನದು ಇನ್ನೊಂದು ಬಗೆ. 2020ರ ಮಹಾಮಾರಿಯಲ್ಲಿ ಬಾಗಿಲು ಹಾಕಿದ ಶೋರ್‌ಡಿಚ್ ಶಾಖೆ ಮತ್ತೆ ತೆರೆಯಲಿಲ್ಲ. ಆದರೆ ಕಟ್ಟಡ ಎಲ್ಲಿಗೂ ಹೋಗಲಿಲ್ಲ. 2022ರಲ್ಲಿ ಅದೇ ಗೋಡೆಗಳೊಳಗೆ ಒನ್ ಹಂಡ್ರೆಡ್ ಶೋರ್‌ಡಿಚ್ ಎಂಬ ಹೆಸರಿನಿಂದ ಬೇರೆಯವರ ಹೊಟೇಲು ನಡೆಯತೊಡಗಿತು.

ಲಾಸ್ ಏಂಜಲಿಸಿನಲ್ಲಿಯೂ ಹೀಗೆಯೇ ಆಯಿತು. ಚಾರ್ಲಿ ಚಾಪ್ಲಿನ್ ಮೊದಲಾದವರು ಸ್ಥಾಪಿಸಿದ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಗಾಗಿ 1927ರಲ್ಲಿ ಕಟ್ಟಿದ ಭವ್ಯವಾದ ನಾಟಕಶಾಲೆಯ ಕಟ್ಟಡದಲ್ಲಿ ಏಸ್ ಹೊಟೇಲು 2014ರಲ್ಲಿ ಆರಂಭವಾಯಿತು. ಪಾಳು ಬೀಳುತ್ತಿದ್ದ ಆ ಬೀದಿಗೆ ಜನರನ್ನು ಕರೆತಂದ ಕೀರ್ತಿ ಅದಕ್ಕಿದೆ. ನಡುವೆ ಕಟ್ಟಡದ ಒಡೆತನ ಒಬ್ಬರಿಂದೊಬ್ಬರಿಗೆ ಮಾರಾಟವಾಯಿತು. 2024ರ ಜನವರಿಯ ಕೊನೆಗೆ ಏಸ್ ಹೊಟೇಲು ಅಲ್ಲಿಂದ ಹೊರಟಿತು. ಅದರ ಬಳಿಕ ಸೇವೆಯನ್ನು ಮೊಟಕುಗೊಳಿಸಿದ ಬೇರೊಂದು ವ್ಯವಸ್ಥೆ ಬಂದಿತು. ಹತ್ತು ವರ್ಷ ಗಿರಾಕಿಯ ಹೆಸರನ್ನು ನೆನಪಿಟ್ಟುಕೊಂಡು ನಗುತ್ತ ಎದುರುಗೊಂಡ ನೌಕರನು ಆ ಕಟ್ಟಡಕ್ಕೆ ಬೇಕಾದವನಾಗಲಿಲ್ಲ.

ವಾಚಕರು ಇದನ್ನೆಲ್ಲ ದೂರದ ಕಥೆಯೆಂದು ಎಣಿಸಬಾರದು. ಮುಂಬಯಿಯ ಹೊಟೇಲಿನವರಾದ ನಮಗೆ ಈ ರೋಗದ ಹೆಸರು ಚೆನ್ನಾಗಿ ಗೊತ್ತು. ನಮ್ಮಲ್ಲಿ ಇದನ್ನು ಕಂಡಕ್ಟಿಂಗ್ ಎನ್ನುತ್ತೇವೆ. ಜಾಗ ಒಬ್ಬನದು, ಲೈಸೆನ್ಸು ಒಬ್ಬನದು, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಭಟ್ಟಿ ಹೊತ್ತಿಸುವವನು ಮೂರನೆಯವನು. ನಾವೂ ಹನ್ನೊಂದು ವರ್ಷ ಹಾಗೆಯೇ 18 ಮೇಜುಗಳ ಹೊಟೇಲನ್ನು ಫೋರ್ಟಿನಲ್ಲಿ ನಡೆಸಿದೆವು. ಮೊದಲ ನಾಲ್ಕು ವರ್ಷ ಆ ಗಲ್ಲಿಯಲ್ಲಿ ಗುಮಾಸ್ತರ ವಿನಾ ಯಾರೂ ಇರಲಿಲ್ಲ. ಬಳಿಕ ಎದುರಿಗೊಂದು ಚಿತ್ರಶಾಲೆ ಬಂದಿತು. ಅದರ ಹಿಂದೆ ಬಟ್ಟೆಯ ವಿನ್ಯಾಸಕಾರರ ಅಂಗಡಿ. ನಮ್ಮ ವ್ಯಾಪಾರ ಹೆಚ್ಚಿತು, ನಾವು ಹಿಗ್ಗಿದೆವು. ಕರಾರು ಮುಗಿದಾಗ ಜಾಗದವರು ಕೇಳಿದ ಮೊತ್ತ ಮೂರು ಪಟ್ಟು. ಅವರ ಮೇಲೆ ನಮಗೆ ದ್ವೇಷವಿಲ್ಲ. ಬೀದಿಯ ಬೆಲೆ ಏರಿದ್ದನ್ನು ಅವರೂ ನೋಡಿದ್ದರು. ನಮ್ಮ 14 ಮಂದಿ ಕೆಲಸಗಾರರಲ್ಲಿ ಐವರು ಊರಿಗೆ ಮರಳಿದರು. ಅಡುಗೆಯ ಭಟ್ಟರೊಬ್ಬರು, ನಮಗಿಂತ ಹಿರಿಯರು, ಕೊನೆಯ ದಿನವೂ ಮರುದಿನಕ್ಕೆಂದು ಉದ್ದು ನೆನೆಸಿಟ್ಟಿದ್ದರು.

ಆದರೂ ಫೋರ್ಟಿನಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಉಡುಪಿ ಹೊಟೇಲು, ಇರಾನಿ ಹೊಟೇಲು ಉಳಿದಿರುವುದೇಕೆ? ಬಹುಮಟ್ಟಿಗೆ ಕಾನೂನಿನಿಂದ. 1947ರ ಮುಂಬಯಿ ಬಾಡಿಗೆ ಕಾಯಿದೆಯ ಪೂರ್ಣ ಹೆಸರಿನಲ್ಲಿಯೇ ಹೊಟೇಲು ಮತ್ತು ವಸತಿಗೃಹದ ದರಗಳ ನಿಯಂತ್ರಣವೂ ಸೇರಿತ್ತೆಂಬುದು ಹಲವರಿಗೆ ತಿಳಿಯದು. ಆ ಕಾಯಿದೆ 1940ನೆಯ ಸೆಪ್ಟೆಂಬರ 1ರ ಬಾಡಿಗೆಯನ್ನು ಆಧಾರವಾಗಿ ಹಿಡಿಯಿತು. 1999ರಲ್ಲಿ ಆದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು 2000ದ ಮಾರ್ಚ 31ರಿಂದ ಜಾರಿಗೆ ಬಂದು, ವರ್ಷಕ್ಕೆ ನೂರಕ್ಕೆ 4ರಂತೆ ಏರಿಕೆಗೆ ಅವಕಾಶವಿತ್ತಿತು. ಪಗಡಿಯನ್ನು ಕಾನೂನಿನ ಒಳಗೆ ತಂದಿತು. ಒಂದು ಕೋಟಿ ರೂಪಾಯಿ ಅಥವಾ ಹೆಚ್ಚು ಮೂಲಧನ ಸಂದಾಯವಾದ ಕಂಪೆನಿಗಳಿಗೆ ರಕ್ಷಣೆಯನ್ನು ತೆಗೆದುಹಾಕಿತು. ಕಟ್ಟಡದ ಮಾಲಿಕರು ಇದನ್ನು ಅನ್ಯಾಯವೆನ್ನುತ್ತಾರೆ, ಅದರಲ್ಲಿಯೂ ಹುರುಳಿದೆ. ಇಷ್ಟು ಬಾಡಿಗೆಯಲ್ಲಿ ಮಾಳಿಗೆ ರಿಪೇರಿ ಮಾಡುವುದಾದರೂ ಹೇಗೆ? ಕಟ್ಟಡಗಳು ಮುರಿದು ಬೀಳುವುದನ್ನು ಪ್ರತಿ ಮಳೆಗಾಲವೂ ಕಾಣುತ್ತೇವೆ. ಆದರೆ ಕಾಲಾಘೋಡಾದ ಸುತ್ತಿನ ಬೀದಿಗಳು ಕಲೆಯ ಬೀದಿಗಳಾಗಿ ಬೆಳೆಯಲು ಆ ಹಳೆಯ ಬಾಡಿಗೆಗಳೂ ಒಂದು ಕಾರಣವೆಂಬುದನ್ನು ಮರೆಯಲಾಗದು.

ಆ ಪ್ರದೇಶದ ಕಥೆಯಲ್ಲಿ ಕನ್ನಡಿಗರ ಪಾಲೂ ಇದೆ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, 1996ರಲ್ಲಿ ತೀರಿಕೊಳ್ಳುವ ತನಕ ಈ ನಗರದ ಕಲಾಜೀವನದ ನಡುವೆ ಇದ್ದರು. 1952ರಲ್ಲಿ ಜಹಾಂಗೀರ ಕಲಾಶಾಲೆ ತೆರೆಯಿತು. ಅದಕ್ಕೂ ಮೊದಲು, 1946ರಲ್ಲಿ, ಅಲ್ಲಿಯೇ ಸಮೀಪದಲ್ಲಿ ಚೇತನಾ ಎಂಬ ಶಾಕಾಹಾರಿ ಹೊಟೇಲು ಹುಟ್ಟಿ, ಊಟದ ಜೊತೆಗೆ ಚಿತ್ರಪ್ರದರ್ಶನಗಳಿಗೂ ಎಡೆಗೊಟ್ಟಿತ್ತು. 1964ರಲ್ಲಿ ಜಹಾಂಗೀರದೊಳಗೇ ಸಮೋವರ್ ಎಂಬ ಉಪಾಹಾರಗೃಹ ಬಂದಿತು. ಕಿಸೆಯಲ್ಲಿ ಕಾಸಿಲ್ಲದ ಚಿತ್ರಕಾರರು ಅಲ್ಲಿ ಚಹ ಹೇಳಿ ಕೂಡ್ರಬಹುದಾಗಿತ್ತು; ನ್ಯೂಯಾರ್ಕಿನ ಉದ್ದನೆಯ ಮೇಜು ಹಾಕುವುದಕ್ಕೆ 45 ವರ್ಷಗಳ ಹಿಂದಿನ ಮಾತಿದು. 1999ರಿಂದ ಕಾಲಾಘೋಡಾ ಕಲಾ ಉತ್ಸವ ನಡೆಯುತ್ತ ಬಂದಿದೆ. 2015ರಲ್ಲಿ ಸಮೋವರ್ ಮುಚ್ಚಿತು. ಮರುವರ್ಷ, ಮೂರು ತಲೆಮಾರಿನವರು ಹಾಡು ಕೊಂಡ ರಿದಂ ಹೌಸ್ ಅಂಗಡಿಯೂ ಮುಚ್ಚಿತು. 2017ರಲ್ಲಿ, ಹಳೆಯ ಕಪ್ಪು ಕುದುರೆಯ ಪ್ರತಿಮೆಯ ನೆನಪಿಗಾಗಿ, ಸವಾರನಿಲ್ಲದ ಹೊಸ ಕುದುರೆಯೊಂದನ್ನು ನಿಲ್ಲಿಸಿದರು. ಕುದುರೆ ಚೆನ್ನಾಗಿದೆ. ಅದರ ಎದುರಿಗೆ ಒಂದು ಚಹಕ್ಕೆ ಇಂದು ಎಷ್ಟು ಕೊಡಬೇಕೆಂದು ಅಲ್ಲಿನ ಗುಮಾಸ್ತರನ್ನೇ ಕೇಳಬೇಕು.

ಇದಕ್ಕೆ ಹತ್ತಿರದಲ್ಲಿಯೇ, ಕೊಲಾಬಾದಲ್ಲಿ ರೀಗಲ್ ಸಿನೆಮಾದ ಹಿಂಬದಿಯ ಲ್ಯಾನ್ಸ್‌ಡೌನ್ ಹೌಸ್ ಎಂಬ ಹಳೆಯ ಕಟ್ಟಡದ ಅಂತಸ್ತಿನಲ್ಲಿ 2014ರಲ್ಲಿ ಅಬೋಡ್ ಎಂಬ 20 ಕೋಣೆಗಳ ಹೊಟೇಲು ಪ್ರಾರಂಭವಾಯಿತು. ಹಳೆಯ ನೆಲದ ಹಾಸುಬಿಲ್ಲೆಗಳನ್ನು ಕೀಳದೆ, ಹಳೆಯ ಪೀಠೋಪಕರಣಗಳನ್ನೇ ಹುಡುಕಿ ತಂದು ಒಪ್ಪವಾಗಿಸಿದ ಹೊಟೇಲು ಅದು. ಇಂತಹ ಕೆಲಸವನ್ನು ನಾವು ಮೆಚ್ಚುತ್ತೇವೆ. ನಮ್ಮವರು ಒಂದಿಷ್ಟು ಹಣ ಬಂದೊಡನೆ ಮಾಡಿದ ಮೊದಲ ಕೆಲಸವೆಂದರೆ ತೇಗದ ಕುರ್ಚಿಗಳನ್ನೂ ಅಮೃತಶಿಲೆಯ ಮೇಜುಗಳನ್ನೂ ಹಳೆಯ ಸಾಮಾನಿನವನಿಗೆ ಮಾರಿ ಸನ್ಮೈಕಾ ಹಾಕಿಸಿದುದು. ಆ ಕುರ್ಚಿಗಳೇ ಇಂದು ಚೋರ್ ಬಝಾರಿನಿಂದ ಇಂತಹ ಹೊಟೇಲುಗಳಿಗೆ ಹೋಗುತ್ತಿರಬಹುದೆಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಊಹೆಗಾಗಿ 20 ಕೋಣೆಗಳು, ರಾತ್ರಿಗೆ 7,000 ರೂಪಾಯಿ, ಸರಾಸರಿ 14 ಕೋಣೆಗಳು ತುಂಬುತ್ತವೆಂದು ಹಿಡಿಯೋಣ. ದಿನಕ್ಕೆ 98,000, ಮೂವತ್ತು ದಿನಕ್ಕೆ 29 ಲಕ್ಷ 40 ಸಾವಿರ. ಕೇಳಲು ದೊಡ್ಡ ಮೊತ್ತ. ಆದರೆ 400 ಕೋಣೆಗಳಿದ್ದರೂ 20 ಕೋಣೆಗಳಿದ್ದರೂ ರಾತ್ರಿಯ ಪಾಳಿಗೆ ಬಾಗಿಲಲ್ಲಿ ಒಬ್ಬ, ಮೇಜಿನಲ್ಲಿ ಒಬ್ಬ ಬೇಕೇ ಬೇಕು. ಒಂದು ಕೋಣೆಯ ನಳ ಒಡೆದು ಬೀಗ ಹಾಕಿದರೆ ದೊಡ್ಡ ಹೊಟೇಲಿಗೆ ನೊಣ ಕೂತಂತೆ. ಚಿಕ್ಕದಕ್ಕೆ ಇಪ್ಪತ್ತರಲ್ಲೊಂದು ಪಾಲು ಹೋದಂತೆ. ಕಾಯಿದೆಯ ಗೋಡೆಯೊಂದೂ ಇದೆ. 2025ರ ಸೆಪ್ಟೆಂಬರ 22ರಿಂದ ರಾತ್ರಿಗೆ 7,500 ರೂಪಾಯಿಯ ವರೆಗಿನ ಕೋಣೆಗೆ ಜಿಎಸ್‌ಟಿ ನೂರಕ್ಕೆ 5ಕ್ಕೆ ಇಳಿಯಿತು. ಅದಕ್ಕಿಂತ ಮೇಲಾದರೆ 18. 7,500ಕ್ಕೆ ತೆರಿಗೆ 375 ರೂಪಾಯಿ. ಒಂದು ರೂಪಾಯಿ ಏರಿಸಿದರೆ ತೆರಿಗೆ 1,350ಕ್ಕೆ ಜಿಗಿಯುತ್ತದೆ. ಗಿರಾಕಿಗೆ ಇದು ಒಳ್ಳೆಯದೇ ಆಯಿತು. ಆದರೆ 5ರ ದರದಲ್ಲಿ ಹೊಟೇಲಿನವನು ತಾನು ಕೊಂಡ ಸಾಮಾನಿನ ಮೇಲೆ ಕೊಟ್ಟ ತೆರಿಗೆಯನ್ನು ಹೊಂದಿಸಿಕೊಳ್ಳುವಂತಿಲ್ಲ. ಬಡಗಿಯಿಂದ ಮೇಜು, ಕುಂಬಾರನಿಂದ ತಟ್ಟೆ, ನೇಕಾರನಿಂದ ಹೊದಿಕೆ ಎಂದು ಆರಿಸಿ ಆರಿಸಿ ಕೊಳ್ಳುವ ಹೊಟೇಲಿಗೇ ಈ ಹೊರೆ ಹೆಚ್ಚಾಗಿ ತಗಲುವುದು. ಉಳಿತಾಯ ಮಾಡಬೇಕಾಗಿ ಬಂದಾಗ ಜಾಗದ ಬಾಡಿಗೆಯನ್ನು ಇಳಿಸಲು ಬಾರದು, ವಿದ್ಯುತ್ತಿನ ಬಿಲ್ಲನ್ನು ಇಳಿಸಲು ಬಾರದು. ಮಾಲಿಕನ ಕಣ್ಣು ಎಲ್ಲಿಗೆ ಹೋಗುತ್ತದೆಂದು ನಾವು ಹೇಳಬೇಕಾಗಿಲ್ಲ. ಆ ಕುರ್ಚಿಯಲ್ಲಿ ನಾವೂ ಕುಳಿತಿದ್ದೆವು.

ಕೆಲಸಗಾರನ ದೃಷ್ಟಿಯಿಂದ ನೋಡಿದರೆ ಈ ಹೊಟೇಲುಗಳಲ್ಲಿ ಕಲಿಕೆಯಿದೆ ಎಂಬ ಮಾತು ಸುಳ್ಳಲ್ಲ. ದೊಡ್ಡ ಹೊಟೇಲಿನಲ್ಲಿ ಹಾಸಿಗೆ ಹಾಸುವವನು ಹಾಸಿಗೆಯನ್ನೇ ಹಾಸುತ್ತಾನೆ. ಇಲ್ಲಿ ಅವನೇ ಬೆಳಿಗ್ಗೆ ಕಾಫಿ ಕೊಡುತ್ತಾನೆ, ಗಿರಾಕಿಗೆ ಚಿತ್ರಶಾಲೆಯ ದಾರಿ ಹೇಳುತ್ತಾನೆ, ಸಂಜೆ ಮೇಜಿನಲ್ಲಿ ಕೂತು ಹಣ ಎಣಿಸುತ್ತಾನೆ. ಕಪ್ಪು ಬಿಳುಪಿನ ಸಮವಸ್ತ್ರವಿಲ್ಲ. ಹೆಸರು ಹಿಡಿದು ಕರೆಯುತ್ತಾರೆ. ನಮ್ಮ ಹಳೆಯ ಹೊಟೇಲುಗಳಲ್ಲಿ ಹುಡುಗನೊಬ್ಬನು ಕ್ಲೀನರನಾಗಿ ಸೇರಿ, ರಾತ್ರಿ ಶಾಲೆಯಲ್ಲಿ ಓದಿ, ಗಲ್ಲೆಗೆ ಬಂದು, ಕೊನೆಗೆ ತಾನೇ ಧನಿಯಾದ ದಾರಿ ಇದಕ್ಕೆ ದೂರದ್ದಲ್ಲ. ಆದರೆ ಮೂರು ಜನರ ಕೆಲಸವನ್ನು ಒಬ್ಬನಿಂದ ಮಾಡಿಸಿ ಅದಕ್ಕೆ ಆತ್ಮೀಯತೆಯೆಂದು ಹೆಸರಿಡುವುದೂ ಇಲ್ಲಿ ಸುಲಭ. ನಗುಮುಖವೇ ಹೊಟೇಲಿನ ಸರಕಾದಾಗ, ಹನ್ನೆರಡು ತಾಸು ನಿಂತವನ ನಗುವಿಗೆ ಹೆಚ್ಚಿನ ಕೂಲಿ ಯಾವ ಪಟ್ಟಿಯಲ್ಲಿಯೂ ಬರೆದಿರುವುದಿಲ್ಲ.

ಕಾನೂನು ಈಚೆಗೆ ಕೆಲವು ಅನುಕೂಲಗಳನ್ನು ಕೊಟ್ಟಿದೆ. 1972ರ ಗ್ರಾಚ್ಯುಯಿಟಿ ಕಾಯಿದೆಯು ಐದು ವರ್ಷಗಳ ಎಡೆಬಿಡದ ಸೇವೆಯನ್ನು ಕೇಳುತ್ತಿತ್ತು. 2025ರ ನವೆಂಬರ 21ರಂದು ಜಾರಿಗೆ ತಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ನಿಯತ ಅವಧಿಗೆಂದು ನೇಮಕವಾದವನಿಗೆ ಒಂದು ವರ್ಷದ ಸೇವೆಗೂ ಪ್ರಮಾಣಕ್ಕನುಸಾರವಾಗಿ ಗ್ರಾಚ್ಯುಯಿಟಿ ಸಲ್ಲಬೇಕು. ನೇಮಕಪತ್ರ ಕೊಡುವುದು ಕಡ್ಡಾಯ. ನಾಲ್ಕು ವರ್ಷಕ್ಕೊಮ್ಮೆ ಹೆಸರು ಬದಲಾಗಬಹುದಾದ ಹೊಟೇಲಿನ ನೌಕರನಿಗೆ ಇದು ಸಣ್ಣ ವಿಷಯವಲ್ಲ. ಆದರೆ ಆ ಪತ್ರದ ತಲೆಯಲ್ಲಿ ಯಾರ ಹೆಸರಿದೆ ಎಂಬುದನ್ನು ಓದಬೇಕು. ಬಾಗಿಲ ಮೇಲೆ ಒಂದು ಹೆಸರು, ಲೈಸೆನ್ಸಿನಲ್ಲಿ ಒಂದು, ಸಂಬಳದ ಚೀಟಿಯಲ್ಲಿ ಮೂರನೆಯ ಗುತ್ತಿಗೆದಾರನ ಹೆಸರು ಇದ್ದರೆ, ಹೊಟೇಲು ಎದ್ದುಹೋದ ದಿನ ಯಾರ ಬಾಗಿಲು ತಟ್ಟುವುದು?

ಎರಡು ದಿನ ಬಿಟ್ಟು ಹುಡುಗ ಬಂದನು. ನಾವು ಅವನಿಗೆ ಇಂಥಲ್ಲಿಗೇ ಹೋಗೆಂದು ಹೇಳಲಿಲ್ಲ. ಆ 22 ಕೋಣೆಗಳ ಹೊಟೇಲಿನವರನ್ನು ಮೂರು ಪ್ರಶ್ನೆ ಕೇಳಿ ಬಾ ಎಂದೆವು. ಕಟ್ಟಡ ಯಾರದು? ಕರಾರು ಎಷ್ಟು ವರ್ಷದ್ದು, ಅದರಲ್ಲಿ ಎಷ್ಟು ಕಳೆದಿದೆ? ನನ್ನ ನೇಮಕಪತ್ರಕ್ಕೆ ಸಹಿ ಹಾಕುವವರು ಯಾರು? "ಕೆಲಸ ಕೇಳಲು ಹೋದವ ಇದನ್ನೆಲ್ಲ ಕೇಳಿದರೆ ಸಿಟ್ಟಾಗುವುದಿಲ್ಲವೇ, ಮಾವ?" ಎಂದನು. "ಸಿಟ್ಟಾದರೆ ಅದೇ ಉತ್ತರ, ಮಾರಾಯ" ಎಂದೆವು.

ಅವರು ಸಿಟ್ಟಾಗಲಿಲ್ಲ. ಕಟ್ಟಡ ಒಂದು ಧರ್ಮಾದಾಯ ಟ್ರಸ್ಟಿನದು, ಕರಾರು ಒಂಬತ್ತು ವರ್ಷದ್ದು, ಮೂರು ಕಳೆದಿದೆ, ಪತ್ರಕ್ಕೆ ತಾವೇ ಸಹಿ ಹಾಕುತ್ತೇವೆ ಎಂದರಂತೆ. ಹುಡುಗನು ಮೊನ್ನೆ ಸೋಮವಾರದಿಂದ ಅಲ್ಲಿಗೆ ಹೋಗುತ್ತಿದ್ದಾನೆ. ಅವನ ತಂದೆ ಊರಿನಿಂದ ಫೋನು ಮಾಡಿ, ಉಳಿದ ಆರು ವರ್ಷ ಮುಗಿದಾಗ ಹುಡುಗನ ವಯಸ್ಸೆಷ್ಟಾಗುತ್ತದೆಂದು ಲೆಕ್ಕ ಹಾಕಿ ಹೇಳಿದರು: ಇಪ್ಪತ್ತೊಂಬತ್ತು.